ದೋಸೆ ಭಟ್ಟರ ಕಾಲಿನ ಹುಣ್ಣು: ಬೆಳ್ಳಿ, ಅಯೋಡಿನ್ ಮತ್ತು ಬಿಗಿ ಪಟ್ಟಿಯ ಒಂದು ಪ್ರಕರಣ ಅಧ್ಯಯನ

ರೋಗಿಗೆ 54 ವರ್ಷ. ಹುಟ್ಟೂರು ಕುಂದಾಪುರದ ಕಡೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ದಾವಣಗೆರೆಯ ಒಂದು ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿ ಮುಂದೆ ನಿಂತವರು. ಜಾತಿಯಲ್ಲಿ ಭಟ್ಟರಲ್ಲ. ಆದರೆ ಹೋಟೆಲಿನಲ್ಲಿ ದೋಸೆ ಹುಯ್ಯುವವರೆಲ್ಲ ಭಟ್ರೇ, ಹಾಗಾಗಿ ಇಲ್ಲೂ ಭಟ್ರು ಎಂದೇ ಬರೆಯುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬೆಳಿಗ್ಗೆ ಆರಕ್ಕೆ ಸೌದೆ ಒಲೆ ಹತ್ತಿತೆಂದರೆ ಮಧ್ಯಾಹ್ನದವರೆಗೆ, ಸಂಜೆ ನಾಲ್ಕರಿಂದ ಮತ್ತೆ ರಾತ್ರಿವರೆಗೆ ನಿಂತಲ್ಲೇ ನಿಲ್ಲುವ ಕೆಲಸ. ಕೂರುವಂತಿಲ್ಲ, ನಡೆಯುವುದಕ್ಕೂ ಜಾಗವಿಲ್ಲ.

ಎಡಗಾಲಿನ ಒಳಹರಡಿನಿಂದ ನಾಲ್ಕು ಬೆರಳು ಮೇಲೆ ಸೌದೆ ತುಂಡು ತರಚಿ ಆದ ಗಾಯ ಹದಿನಾಲ್ಕು ತಿಂಗಳಾದರೂ ಮುಚ್ಚಿರಲಿಲ್ಲ. ನಮ್ಮ ಡ್ರೆಸಿಂಗ್ ಕೋಣೆಗೆ ಬಂದಾಗ ಹುಣ್ಣಿನ ಅಳತೆ 6 ಸೆಂ.ಮೀ. ಉದ್ದ, 4.5 ಸೆಂ.ಮೀ. ಅಗಲ. ಜೊತೆಗೆ ಬಂದ ಹೆಂಡತಿಯ ಕೈಯಲ್ಲೊಂದು ಬಟ್ಟೆಯಂಗಡಿಯ ಚೀಲ, ಅದರ ತುಂಬ ಇದುವರೆಗಿನ ಚಿಕಿತ್ಸೆ. ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ, ಪೊವಿಡೋನ್ ಅಯೋಡಿನ್, ಫ್ರಾಮೈಸೆಟಿನ್ ಮುಲಾಮಿನ ಹಿಂಡಿ ಹಿಂಡಿ ಚಪ್ಪಟೆಯಾದ ಮೂರು ಟ್ಯೂಬು, ಸಿಲ್ವರ್ ಸಲ್ಫಾಡಯಾಜಿನ್ ಎಂಬ ಬಿಳಿ ಕ್ರೀಮು, ನಾಲ್ಕು ಬೇರೆ ಬೇರೆ ಆ್ಯಂಟಿಬಯಾಟಿಕ್ ಮಾತ್ರೆಗಳ ಖಾಲಿ ಪಟ್ಟಿ, ಕಡೆಗೆ ಬೆಳ್ಳಿ ಸೇರಿಸಿದ ಡ್ರೆಸಿಂಗ್ ಹಾಳೆಯ ಡಬ್ಬಿ. ಆ ಹಾಳೆ ಒಂದಕ್ಕೆ ಭಟ್ಟರ ಒಂದು ದಿನದ ಸಂಬಳ ಹೋಗುತ್ತಿತ್ತು. ಐದು ತಿಂಗಳಿಂದ ಅದನ್ನೇ ಕಟ್ಟಿಸಿಕೊಳ್ಳುತ್ತಿದ್ದರು.

"ಬೆಳ್ಳೀದೇ ಕಟ್ಟಿದ್ದಾಯ್ತು ಡಾಕ್ಟ್ರೇ, ಇನ್ನು ಬಂಗಾರದ್ದು ಬಂದಿದ್ರೆ ಹೇಳಿ," ಅಂದರು ಭಟ್ರು. ತಮಾಷೆಗೆ ಅಂದಿದ್ದಾದರೂ ಅದರಲ್ಲಿ ಸಿಟ್ಟಿತ್ತು.

ಆ ಚೀಲದಲ್ಲಿ ಇಲ್ಲದಿದ್ದ ವಸ್ತು ಒಂದೇ, ಬಿಗಿಯಾಗಿ ಸುತ್ತುವ ಪಟ್ಟಿ. ಹದಿನಾಲ್ಕು ತಿಂಗಳಲ್ಲಿ ಯಾರೂ ಅವರ ಕಾಲಿಗೆ ಕಂಪ್ರೆಷನ್ ಬ್ಯಾಂಡೇಜ್ ಕಟ್ಟಿರಲಿಲ್ಲ.

ಕಾಲು ಹೇಳಿದ್ದೇನು

ಹುಣ್ಣಿಗಿಂತ ಮೊದಲು ಕಾಲನ್ನು ನೋಡಬೇಕು. ನಿಲ್ಲಿಸಿ ನೋಡಿದಾಗ ತೊಡೆಯ ಒಳಭಾಗದಿಂದ ಮೀನಖಂಡದವರೆಗೆ ಉಬ್ಬಿದ, ಸೊಟ್ಟಸೊಟ್ಟ ರಕ್ತನಾಳಗಳು ಎದ್ದು ಕಂಡವು. ಹರಡಿನ ಸುತ್ತ ಚರ್ಮ ಕಂದುಗಪ್ಪಾಗಿ ಮರದಂತೆ ಗಟ್ಟಿಯಾಗಿತ್ತು. ಸಂಜೆಗೆ ಪಾದ ಊದುತ್ತಿತ್ತು, ರಾತ್ರಿ ಕಾಲು ಎತ್ತಿಟ್ಟು ಮಲಗಿದರೆ ಇಳಿಯುತ್ತಿತ್ತು. ಇದು ಅಭಿಧಮನಿಯ ಹುಣ್ಣು, ಅಂದರೆ ವೀನಸ್ ಅಲ್ಸರ್. ರಕ್ತವನ್ನು ಮೇಲಕ್ಕೆ ಒಯ್ಯುವ ನಾಳಗಳ ಕವಾಟ ಕೆಟ್ಟಾಗ ನಿಂತ ಮನುಷ್ಯನ ಕಾಲಿನಲ್ಲಿ ರಕ್ತ ಕೆಳಕ್ಕೆ ಜಾರಿ ಒತ್ತಡ ಏರುತ್ತದೆ, ನೀರು ಚರ್ಮದೊಳಕ್ಕೆ ಜಿನುಗುತ್ತದೆ. ಅಂಥ ಚರ್ಮಕ್ಕೆ ಒಂದು ತರಚು ಬಿದ್ದರೂ ಅದನ್ನು ಮುಚ್ಚಿಕೊಳ್ಳುವ ಶಕ್ತಿ ಇರುವುದಿಲ್ಲ.

ಕೆಳಕ್ಕೆ ಜಾರುವ ಆ ರಕ್ತವನ್ನು ತಡೆಯಲು ಹೊರಗಿನಿಂದ ಪಟ್ಟಿ ಬಿಗಿಯಬೇಕು. ಆದರೆ ಬಿಗಿಯುವ ಮುನ್ನ ಕಾಲಿಗೆ ರಕ್ತ ತರುವ ಧಮನಿಗಳು ಸರಿಯಾಗಿವೆಯೇ ಎಂದು ತಿಳಿಯಲೇಬೇಕು. ರಕ್ತದ ಹರಿವಿನ ಸದ್ದು ಕೇಳಿಸುವ ಕೈ ಡಾಪ್ಲರ್ ಹಿಡಿದು ಹರಡಿನ ಮತ್ತು ತೋಳಿನ ರಕ್ತದೊತ್ತಡದ ಅನುಪಾತ ನೋಡಿದೆವು. 1.05 ಬಂತು. 0.9ಕ್ಕಿಂತ ಕಡಿಮೆ ಇದ್ದರೆ ಧಮನಿ ಕಟ್ಟಿಕೊಳ್ಳುತ್ತಿದೆ ಎಂದರ್ಥ, 0.5ಕ್ಕಿಂತ ಕೆಳಗಿದ್ದರೆ ಬಿಗಿ ಪಟ್ಟಿ ಕಾಲನ್ನೇ ಕಳೆದೀತು. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಧಮನಿಯ ಗೋಡೆ ಗಟ್ಟಿಯಾಗಿ ಈ ಅಂಕಿ 1.3 ದಾಟಿ ಸುಳ್ಳು ಧೈರ್ಯ ಕೊಡುತ್ತದೆ, ಅದೂ ನೆನಪಿರಲಿ. ಭಟ್ಟರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಅಲ್ಟ್ರಾಸೌಂಡ್ ಡಾಪ್ಲರ್‌ನಲ್ಲಿ ತೊಡೆಯ ಉದ್ದಕ್ಕೂ ಹೋಗುವ ದೊಡ್ಡ ಮೇಲ್ನಾಳದ ಕವಾಟ ಪೂರ್ತಿ ಸೋತಿತ್ತು, ಆಳದ ನಾಳಗಳು ಚೆನ್ನಾಗಿದ್ದವು. ಒಂದು ವರ್ಷ ದಾಟಿದ ಹುಣ್ಣಾದ್ದರಿಂದ ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದೆವು. ಹಳೆಯ ಹುಣ್ಣುಗಳಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಅಡಗಿರುತ್ತದೆ. ಇಲ್ಲಿ ಇರಲಿಲ್ಲ.

ಈಗ ಹುಣ್ಣು. ತಳದಲ್ಲಿ ಹಳದಿ ಲೋಳೆಯಂಥ ಸತ್ತ ಪದರ, ನಡುನಡುವೆ ಕಡುಗೆಂಪು ಮಾಂಸ, ಹತ್ತಿಯಿಂದ ಮುಟ್ಟಿದರೂ ರಕ್ತ ಬರುವಂಥದ್ದು. ಬಿಚ್ಚಿದ ಗಾಜ್‌ನ ಮೇಲೆ ಹಸಿರು ಕಲೆ. ಕೋಣೆಯ ಬಾಗಿಲಲ್ಲೇ ಮೂಗಿಗೆ ಬಡಿಯುವ ವಾಸನೆ. ಕಳೆದ ಎರಡು ವಾರದಿಂದ ನೋವು ಜಾಸ್ತಿ, ಡ್ರೆಸಿಂಗ್ ದಿನಕ್ಕೆ ಎರಡು ಸಲ ಒದ್ದೆ. ಆದರೆ ಜ್ವರ ಇಲ್ಲ, ಸುತ್ತಲಿನ ಚರ್ಮದಲ್ಲಿ ಹರಡುವ ಕೆಂಪು ಇಲ್ಲ, ತೊಡೆಸಂದಿಯಲ್ಲಿ ಗಡ್ಡೆ ಇಲ್ಲ.

ಗಾಯದ ಸೋಂಕನ್ನು ಇದೆ ಅಥವಾ ಇಲ್ಲ ಎಂದು ಎರಡೇ ಖಾನೆಯಲ್ಲಿ ನೋಡುವವರೇ ಹೆಚ್ಚು, ನಮ್ಮ ವೈದ್ಯರಲ್ಲೂ. ವಾಸ್ತವದಲ್ಲಿ ಅದು ಮೆಟ್ಟಿಲು. ತೆರೆದ ಗಾಯದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ, ಎಷ್ಟೋ ಸಲ ಅವು ತಮ್ಮ ಪಾಡಿಗೆ ಇದ್ದರೂ ಗಾಯ ಮಾಯುತ್ತದೆ. ಅದರ ಮೇಲಿನ ಮೆಟ್ಟಿಲು ಸ್ಥಳೀಯ ಸೋಂಕು: ವಾಸನೆ, ಹೆಚ್ಚಿದ ಒಸರು, ಹೊಸ ನೋವು, ಮುಟ್ಟಿದರೆ ರಕ್ತ, ನಿಂತುಹೋದ ಮಾಯುವಿಕೆ. ಅದಕ್ಕೂ ಮೇಲೆ ಸುತ್ತಲ ಚರ್ಮಕ್ಕೆ, ಆಮೇಲೆ ಮೈಗೆಲ್ಲ ಹರಡುವ ಸೋಂಕು. ಸೂಕ್ಷ್ಮಾಣುನಾಶಕ ಡ್ರೆಸಿಂಗ್‌ನ ಮುಖ್ಯ ಜಾಗ ನಡುವಿನ ಆ ಒಂದು ಮೆಟ್ಟಿಲು. ಕೆಳಗಿನದಕ್ಕೆ ಅದು ದಂಡ. ಮೇಲಿನದಕ್ಕೆ ಅದೊಂದೇ ಸಾಲದು, ಮಾತ್ರೆ ಅಥವಾ ಇಂಜೆಕ್ಷನ್ನಿನ ಆ್ಯಂಟಿಬಯಾಟಿಕ್ ಬೇಕು.

ಭಟ್ಟರು ನಡುವಿನ ಮೆಟ್ಟಿಲಲ್ಲಿದ್ದರು. ಅವರ ಹಿಂದಿನ ಕಲ್ಚರ್ ರಿಪೋರ್ಟಿನಲ್ಲಿ ಸೂಡೋಮೋನಾಸ್ ಎಂದು ದಪ್ಪ ಅಕ್ಷರದಲ್ಲಿತ್ತು, ಮೇಲಿಂದ ಮೇಲೆ ಆ್ಯಂಟಿಬಯಾಟಿಕ್ ಬರೆಸಿದ್ದು ಆ ರಿಪೋರ್ಟೇ. ಹಸಿರು ಕಲೆಗೆ ಕಾರಣ ಆ ಬ್ಯಾಕ್ಟೀರಿಯಾ ಎಂಬುದು ನಿಜ. ಆದರೆ ಕೀವನ್ನು ಮೇಲಿಂದ ಒರೆಸಿ ಕಳಿಸಿದ ಹತ್ತಿಯಲ್ಲಿ ಏನೂ ಬೆಳೆಯದಿದ್ದರೆ ಆಶ್ಚರ್ಯಪಡಬೇಕು, ಬೆಳೆದರೆ ಅಲ್ಲ. ಚಿಕಿತ್ಸೆ ರೋಗಿಗೆ ಮಾಡಬೇಕು, ಲ್ಯಾಬಿನ ಕಾಗದಕ್ಕಲ್ಲ. ನಾವು ಈ ಸಲ ಮಾತ್ರೆ ಬರೆಯಲಿಲ್ಲ.

ಹುಣ್ಣಿನ ಸುತ್ತ ಅಂಗೈ ಅಗಲ ಚರ್ಮ ಕೆಂಪಗೆ ತುರಿಸಿ ನೀರಾಡುತ್ತಿತ್ತು. ಮೊದಲ ನೋಟಕ್ಕೆ ಸೋಂಕು ಹರಡಿದಂತೆ ಕಂಡರೂ ಬಿಸಿಯಿರಲಿಲ್ಲ, ಮುಟ್ಟಿದರೆ ನೋವಿಲ್ಲ, ಬರೀ ತುರಿಕೆ. ಮುಲಾಮು ಹಚ್ಚಿದಷ್ಟು ಅಗಲಕ್ಕೇ ಅದರ ಗಡಿ. ಫ್ರಾಮೈಸೆಟಿನ್ ಅಲರ್ಜಿ ಎಂದು ಅನುಮಾನಿಸಿದೆವು. ಅದು ನಿಯೋಮೈಸಿನ್ ಗುಂಪಿನ ಆ್ಯಂಟಿಬಯಾಟಿಕ್, ಕಾಲಿನ ಹಳೆಯ ಹುಣ್ಣಿರುವವರಲ್ಲಿ ಆ ಗುಂಪಿನ ಮುಲಾಮುಗಳಿಗೆ ಅಲರ್ಜಿ ತೀರಾ ಸಾಮಾನ್ಯ. ಮುಲಾಮು ನಿಲ್ಲಿಸಿ ಸುತ್ತಲ ಚರ್ಮಕ್ಕೆ ಕೆಲವೇ ದಿನ ಸ್ಟೀರಾಯ್ಡ್ ಲೇಪ ಕೊಟ್ಟ ಮೇಲೆ ಒಂದು ವಾರದಲ್ಲಿ ಕೆಂಪು ಇಳಿಯಿತು. ಹಚ್ಚುವ ಆ್ಯಂಟಿಬಯಾಟಿಕ್ ಮುಲಾಮನ್ನು ಹಳೆಯ ಹುಣ್ಣಿಗೆ ತಿಂಗಳುಗಟ್ಟಲೆ ಬಳಿಯುವ ಅಭ್ಯಾಸ ನಮ್ಮಲ್ಲಿ ಯಾವಾಗ ಹೋಗುತ್ತದೋ. ಅಲರ್ಜಿಯೂ ಉಂಟು, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಸುವ ಅಪಾಯವೂ ಉಂಟು. ಬೆಳ್ಳಿ, ಅಯೋಡಿನ್, ಪಿಎಚ್ಎಂಬಿ ಇವು ಬೇರೆ ಜಾತಿ. ಇವು ಆ್ಯಂಟಿಸೆಪ್ಟಿಕ್‌ಗಳು, ಬ್ಯಾಕ್ಟೀರಿಯಾವನ್ನು ಹಲವು ಕಡೆಯಿಂದ ಏಕಕಾಲಕ್ಕೆ ಹೊಡೆಯುವುದರಿಂದ ಅವುಗಳಿಗೆ ಪ್ರತಿರೋಧ ಸುಲಭಕ್ಕೆ ಬೆಳೆಯುವುದಿಲ್ಲ.

ಐದು ತಿಂಗಳ ಬೆಳ್ಳಿ ಏಕೆ ಕೆಲಸ ಮಾಡಲಿಲ್ಲ

ಬೆಳ್ಳಿಯದು ತಪ್ಪಲ್ಲ. ಬೆಳ್ಳಿಯ ಅಯಾನು ಬ್ಯಾಕ್ಟೀರಿಯಾದ ಕೋಶಪೊರೆ, ಕಿಣ್ವ, ಡಿಎನ್ಎ ಎಲ್ಲಕ್ಕೂ ಅಂಟಿ ಕೊಲ್ಲುತ್ತದೆ. ಸುಟ್ಟಗಾಯಕ್ಕೆ ಇಂದಿಗೂ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ 1960ರ ದಶಕದಲ್ಲೇ ಬಂದದ್ದು. ಆದರೆ ಅಯಾನು ಕೆಲಸ ಮಾಡಬೇಕಾದರೆ ಬ್ಯಾಕ್ಟೀರಿಯಾಕ್ಕೆ ತಾಕಬೇಕು. ಹಳೆಯ ಹುಣ್ಣಿನ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿ ತೇಲುವುದಿಲ್ಲ, ಬಾವಿಯ ಮೆಟ್ಟಿಲ ಮೇಲಿನ ಪಾಚಿಯ ಹಾಗೆ ತಾವೇ ಸ್ರವಿಸಿದ ಲೋಳೆಯಲ್ಲಿ ಹುದುಗಿ ತಳಕ್ಕೆ ಕಚ್ಚಿಕೊಂಡಿರುತ್ತವೆ. ಇದನ್ನೇ ಬಯೋಫಿಲ್ಮ್ ಎನ್ನುವುದು. ಇದನ್ನು ಕೆರೆದು ತೆಗೆಯದೆ ಮೇಲೆ ಎಷ್ಟು ಬೆಲೆಯ ಹಾಳೆ ಹೊದಿಸಿದರೂ ಅಷ್ಟೇ. ಭಟ್ಟರ ಹುಣ್ಣಿನ ಹಳದಿ ಪದರವನ್ನು ಯಾರೂ ತೆಗೆದಿರಲಿಲ್ಲ. ಹಾಳೆಯಡಿಗೆ ಜಿಡ್ಡಿನ ಮುಲಾಮನ್ನೂ ಬಳಿಯಲಾಗುತ್ತಿತ್ತು, ಅಂದರೆ ಬೆಳ್ಳಿಗೂ ಗಾಯಕ್ಕೂ ನಡುವೆ ಎಣ್ಣೆಯ ಗೋಡೆ. ಪ್ರತಿಸಲ ಬಿಚ್ಚಿದಾಗ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವುದು ಬೇರೆ. ಬುಸುಬುಸು ನೊರೆ ಬಂದರೆ ಕ್ರಿಮಿ ಸತ್ತವು ಎಂದು ಜನ ಖುಷಿಪಡುತ್ತಾರೆ. ನೊರೆ ಬರುವುದು ನಮ್ಮದೇ ರಕ್ತ, ಮಾಂಸದಲ್ಲಿರುವ ಕಿಣ್ವದಿಂದ, ಮತ್ತು ಆ ದ್ರವ ಹೊಸದಾಗಿ ಹುಟ್ಟುವ ಕೋಶಗಳನ್ನೂ ಸುಡುತ್ತದೆ.

ಇಷ್ಟೆಲ್ಲ ಸರಿಪಡಿಸಿ ಬೆಳ್ಳಿ ಕಟ್ಟಿದ್ದರೂ ಹುಣ್ಣು ಮಾಯುತ್ತಿತ್ತೇ? ನನಗೆ ನಂಬಿಕೆಯಿಲ್ಲ. ಬ್ರಿಟನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ವಲ್ಕನ್ ಪ್ರಯೋಗದಲ್ಲಿ ಕಾಲಿನ ಇಂಥ ಹುಣ್ಣಿರುವ 213 ಮಂದಿಯನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಬೆಳ್ಳಿ ಡ್ರೆಸಿಂಗ್, ಇನ್ನೊಂದಕ್ಕೆ ಸಾದಾ ಡ್ರೆಸಿಂಗ್ ಕೊಟ್ಟು, ಮೇಲೆ ಬಿಗಿ ಪಟ್ಟಿ ಕಟ್ಟಿದರು. ಹನ್ನೆರಡು ವಾರದಲ್ಲಿ ಮಾಯ್ದವರ ಪ್ರಮಾಣ ಬೆಳ್ಳಿಯವರಲ್ಲಿ ಸುಮಾರು ಶೇ. 60, ಸಾದಾ ಕಟ್ಟಿದವರಲ್ಲಿ ಸುಮಾರು ಶೇ. 57. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆಳ್ಳಿ ಮಾರುವವರು ಇದಕ್ಕೆ ತಕರಾರು ತೆಗೆದರು: ಆ ಹುಣ್ಣುಗಳಲ್ಲಿ ಸೋಂಕಿರಲೇ ಇಲ್ಲ, ಸೋಂಕಿಲ್ಲದಲ್ಲಿ ಬೆಳ್ಳಿ ಏನು ಮಾಡೀತು ಎಂದು. ಆ ತಕರಾರು ಸರಿಯಾದದ್ದೇ. ಆದರೆ ಹಾಗೆ ವಾದಿಸಿದ ಮೇಲೆ ಸೋಂಕಿಲ್ಲದ ಗಾಯಕ್ಕೆ ಬೆಳ್ಳಿ ಹಾಳೆ ಮಾರುವುದನ್ನೂ ಬಿಡಬೇಕಲ್ಲವೇ!

ಮಧುಮೇಹದ ಪಾದದ ವಿಷಯದಲ್ಲಿ ಐಡಬ್ಲ್ಯುಜಿಡಿಎಫ್ ಎಂಬ ಅಂತಾರಾಷ್ಟ್ರೀಯ ಗುಂಪಿನ 2023ರ ಮಾರ್ಗಸೂಚಿ ಇನ್ನೂ ಖಡಾಖಂಡಿತ: ಹುಣ್ಣು ಮಾಯಲಿ ಎಂಬ ಉದ್ದೇಶಕ್ಕೆ ಸೂಕ್ಷ್ಮಾಣುನಾಶಕ ಡ್ರೆಸಿಂಗ್ ಬೇಡ, ಜೇನುತುಪ್ಪವೂ ಬೇಡ.

ಮೊದಲ ಎರಡು ವಾರ

ಮರಗಟ್ಟಿಸುವ ಲಿಗ್ನೋಕೇನ್ ಜೆಲ್ ಹಚ್ಚಿ ಅರ್ಧ ಗಂಟೆ ಬಿಟ್ಟು, ಕ್ಯೂರೆಟ್ ಎಂಬ ಕೆರೆಯುವ ಸಲಕರಣೆಯಿಂದ ಹಳದಿ ಪದರವನ್ನು ಕೆರೆದು ತೆಗೆದೆವು. ಆಮೇಲೆ ಶೇ. 1ರ ಅಸಿಟಿಕ್ ಆಮ್ಲದಲ್ಲಿ ನೆನೆಸಿದ ಗಾಜ್ ಹತ್ತು ನಿಮಿಷ. ಸೂಡೋಮೋನಾಸ್‌ಗೆ ಆಮ್ಲೀಯ ವಾತಾವರಣ ಆಗಿಬರುವುದಿಲ್ಲ, ಬಹಳ ಹಳೆಯ, ಬಹಳ ಅಗ್ಗದ ಉಪಾಯ. "ಇದು ವಿನೆಗರ್ ವಾಸ್ನೆ ಅಲ್ವಾ ಸಿಸ್ಟ್ರೇ?" ಎಂದು ಅಡುಗೆಯವರ ಮೂಗು ಕೂಡಲೇ ಗುರುತಿಸಿತು. ಅದೇ ಆಮ್ಲ. ಆದರೆ ಮನೆಯ ವಿನೆಗರ್ ಇದಕ್ಕಿಂತ ನಾಲ್ಕೈದು ಪಟ್ಟು ಗಾಢ, ಅದನ್ನು ತಂದು ಸುರಿದುಕೊಳ್ಳಬಾರದೆಂದು ಅವರಿಗೆ ಎರಡೆರಡು ಸಲ ಹೇಳಿದ್ದಾಯಿತು.

ಕೆರೆದ ಬಯೋಫಿಲ್ಮ್ ಒಂದೆರಡು ದಿನದಲ್ಲೇ ಮತ್ತೆ ಕಟ್ಟಿಕೊಳ್ಳಲು ಶುರುಮಾಡುತ್ತದೆ. ಸೂಕ್ಷ್ಮಾಣುನಾಶಕ ಡ್ರೆಸಿಂಗ್ ನಿಜವಾಗಿ ಬೇಕಾಗುವುದು ಆ ಸಂದಿಯಲ್ಲಿ. ನಾವು ಆರಿಸಿದ್ದು ಕ್ಯಾಡೆಕ್ಸೋಮರ್ ಅಯೋಡಿನ್. ಪಿಷ್ಟದಿಂದ ಮಾಡಿದ ಸಣ್ಣ ಮಣಿಗಳೊಳಗೆ ಶೇ. 0.9 ಅಯೋಡಿನ್ ಹಿಡಿದಿಟ್ಟ ಮುಲಾಮು ಅದು. ಮಣಿಗಳು ಗಾಯದ ಒಸರನ್ನು ತಮ್ಮ ತೂಕದ ಹಲವು ಪಟ್ಟು ಹೀರಿ ಉಬ್ಬುತ್ತವೆ, ಉಬ್ಬಿದಂತೆ ಅಯೋಡಿನ್ ಸ್ವಲ್ಪಸ್ವಲ್ಪವಾಗಿ ಹೊರಬೀಳುತ್ತದೆ. ಒದ್ದೆ ಹೆಚ್ಚಿರುವ, ಲೋಳೆ ಕಟ್ಟುವ ಹುಣ್ಣಿಗೆ ಹೇಳಿಮಾಡಿಸಿದ್ದು. ಹಚ್ಚುವಾಗ ಕಡುಕಂದು, ಅಯೋಡಿನ್ ತೀರಿದ ಮೇಲೆ ಬೂದುಬಿಳಿ. ಯಾವಾಗ ಬದಲಿಸಬೇಕೆಂದು ಬಣ್ಣವೇ ಹೇಳುವುದರಿಂದ ಸಿಸ್ಟರ್‌ಗೂ ರೋಗಿಗೂ ಗೊಂದಲವಿಲ್ಲ. ಹಚ್ಚುವ ಮುನ್ನ ಥೈರಾಯ್ಡ್ ಮತ್ತು ಕಿಡ್ನಿ ಪರೀಕ್ಷೆ ಮಾಡಿಸಿದೆವು, ಎರಡೂ ಸರಿಯಿದ್ದವು. ಥೈರಾಯ್ಡ್ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ, ಎದೆಹಾಲು ಕೊಡುವವರಿಗೆ ಇದು ಬೇಡ, ಅಯೋಡಿನ್ ಮೈಗೆ ಸೇರುತ್ತದೆ. ಅಂಥವರಾಗಿದ್ದರೆ ಬೆಳ್ಳಿಯನ್ನೇ ಸರಿಯಾದ ಕ್ರಮದಲ್ಲಿ, ಇಲ್ಲವೇ ಪಿಎಚ್ಎಂಬಿ ಇರುವ ಹಾಳೆಯನ್ನು ಬಳಸುತ್ತಿದ್ದೆವು.

ಜೇನುತುಪ್ಪ ಏಕಿಲ್ಲ ಎಂದು ಕೇಳಿದ್ದು ಭಟ್ಟರ ಮಗ. ಗಾಮಾ ಕಿರಣದಿಂದ ಶುದ್ಧಿ ಮಾಡಿದ ವೈದ್ಯಕೀಯ ಜೇನಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವಿದೆ. ಆದರೆ ಅದು ಗಾಯದಿಂದ ನೀರೆಳೆಯುತ್ತದೆ, ಕೆಲವರಿಗೆ ವಿಪರೀತ ಉರಿಯುತ್ತದೆ. ಮೊದಲೇ ಒದ್ದೆಯಾಗಿ ನೋಯುವ ಕಾಲಿಗೆ ಅದು ಬೇಡವೆನಿಸಿತು.

ಮುಲಾಮಿನ ಮೇಲೆ ಹೀರುವ ಪ್ಯಾಡು, ಅದರ ಮೇಲೆ ಪಟ್ಟಿ. ಎರಡು ಪದರದ, ಹೆಚ್ಚು ಹಿಗ್ಗದ ಜಾತಿಯ ಬ್ಯಾಂಡೇಜು, ಬೆರಳ ಬುಡದಿಂದ ಹಿಮ್ಮಡಿಯನ್ನೂ ಸೇರಿಸಿ ಮೊಣಕಾಲಿನ ಕೆಳಗಿನವರೆಗೆ, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ. ಹರಡಿನಲ್ಲಿ 40 ಮಿ.ಮೀ. ಪಾದರಸದಷ್ಟು ಒತ್ತಡ ಗುರಿ. ಅಂಗಡಿಯ ಸಾದಾ ಕ್ರೇಪ್ ಬ್ಯಾಂಡೇಜು ಕೆಲವೇ ಗಂಟೆಯಲ್ಲಿ ಸಡಿಲಾಗಿ ಕಾಲುಚೀಲದಂತೆ ಜಾರುತ್ತದೆ, ಈ ಕೆಲಸಕ್ಕೆ ಬಾರದು. ವಾರಕ್ಕೆ ಎರಡು ಸಲ ಬಿಚ್ಚಿ ಕಟ್ಟುವುದೆಂದು ತೀರ್ಮಾನ.

ಊಟದ ವಿಚಾರ ಹೆಂಡತಿಯ ಬಾಯಿಂದ ಬಂತು. ಗಾಯ ನಂಜಾಗಬಾರದೆಂದು ವರ್ಷದಿಂದ ಮೊಟ್ಟೆ, ಮೀನು, ಬದನೆಕಾಯಿ, ಅವರೆಕಾಳು ಎಲ್ಲ ಬಂದ್. ಗಂಜಿ, ತಿಳಿಸಾರು. ಹಿಮೋಗ್ಲೋಬಿನ್ 10.8ಕ್ಕೆ ಇಳಿದಿತ್ತು. ಬದನೆಕಾಯಿ ಬಗ್ಗೆ ನಾನು ಜಗಳಕ್ಕೆ ಹೋಗಲಿಲ್ಲ. ಮೊಟ್ಟೆ, ಮೀನು, ಕಾಳು ಮಾತ್ರ ತಿನ್ನಲೇಬೇಕು, ಹೊಸ ಮಾಂಸ ಕಟ್ಟುವುದು ಅದರಿಂದಲೇ ಎಂದೆ. "ನೀವೇ ಹೇಳಿದ್ರಿ ಅಂತ ನಮ್ಮತ್ತೆಗೆ ಫೋನಲ್ಲಿ ಹೇಳ್ಬಿಡಿ ಡಾಕ್ಟ್ರೇ," ಅಂದರು ಆಕೆ. ಹೇಳಿದೆ.

ಎರಡು ವಾರಕ್ಕೆ ವಾಸನೆ ಹೋಯಿತು. ಹಸಿರು ಹೋಯಿತು. ಅಳತೆ ಹೆಚ್ಚೇನೂ ಇಳಿದಿರಲಿಲ್ಲ, 5.6 ಇಂಟು 4.2. ತಳದಲ್ಲಿ ಮುಕ್ಕಾಲು ಭಾಗ ಆರೋಗ್ಯಕರ ಕೆಂಪು, ಒಂದು ಮೂಲೆಯಲ್ಲಿ ಇನ್ನೂ ಲೋಳೆ. ಎರಡು ವಾರ ಎಂಬುದು ಈ ಡ್ರೆಸಿಂಗ್‌ಗಳ ವಿಷಯದಲ್ಲಿ ಒಪ್ಪಿತವಾದ ಗಡುವು: ಗುಣ ಕಂಡು ಸೋಂಕಿನ ಲಕ್ಷಣ ಹೋಗಿದ್ದರೆ ನಿಲ್ಲಿಸು, ಗುಣ ಕಂಡರೂ ಲಕ್ಷಣ ಉಳಿದಿದ್ದರೆ ಮುಂದುವರಿಸು, ಏನೂ ಬದಲಾಗದಿದ್ದರೆ ಬೇರೆ ದಾರಿ ನೋಡು. ಲೋಳೆ ಇನ್ನೂ ಇದ್ದುದರಿಂದ ಮತ್ತೊಮ್ಮೆ ಕೆರೆದು ಇನ್ನೆರಡು ವಾರ ಅಯೋಡಿನ್ ಮುಂದುವರಿಸಿದೆವು. ನಾಲ್ಕನೇ ವಾರದ ಕೊನೆಗೆ 4.5 ಇಂಟು 3.2. ಅಂದರೆ ವಿಸ್ತೀರ್ಣ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಅವತ್ತೇ ಅಯೋಡಿನ್ ನಿಲ್ಲಿಸಿ, ಯಾವ ಔಷಧಿಯೂ ಇಲ್ಲದ, ಅಂಟಿಕೊಳ್ಳದ ಸಾದಾ ಜಾಲರಿ ಮತ್ತು ಫೋಮ್ ಪ್ಯಾಡ್ ಶುರುಮಾಡಿದೆವು.

ಭಟ್ಟರಿಗೆ ಇದು ಹಿಡಿಸಲಿಲ್ಲ. "ಈಗ ತಾನೇ ಹಿಡಿತಕ್ಕೆ ಬರ್ತಾ ಉಂಟು. ಔಷಧಿ ತೆಗ್ದು ಬರೀ ಬಟ್ಟೆ ಕಟ್ತೀರಲ್ಲ?" ಇಷ್ಟು ದಿನ ಖರ್ಚಾದದ್ದು ಡ್ರೆಸಿಂಗ್‌ಗೆ, ಹಾಗಾಗಿ ವಾಸಿ ಮಾಡಿದ್ದೂ ಡ್ರೆಸಿಂಗೇ ಎಂಬ ಲೆಕ್ಕ ಅವರದು. ಪಟ್ಟಿಯೇ ಔಷಧಿ ಎಂದರೆ ಮುಖ ನೋಡಿದರು. ಸಿಸ್ಟರ್ ಒಂದು ಕೆಲಸ ಮಾಡಿದರು. ಪಟ್ಟಿ ಬಿಚ್ಚಿ ಅವರನ್ನು ಅರ್ಧ ಗಂಟೆ ಬಾಗಿಲ ಬಳಿ ನಿಲ್ಲಿಸಿ ಮೀನಖಂಡದ ಸುತ್ತಳತೆ ಟೇಪಿನಲ್ಲಿ ತೆಗೆದರು, ಮೊದಲಿಗಿಂತ ಸುಮಾರು ಒಂದು ಸೆಂ.ಮೀ. ಹೆಚ್ಚಿತ್ತು. ಹುಣ್ಣಿನ ಅಂಚಿನಲ್ಲಿ ನೀರು ಜಿನುಗುವುದನ್ನು ಭಟ್ರು ತಾವೇ ಬಗ್ಗಿ ನೋಡಿದರು. ಆಮೇಲೆ ಮಾತಾಡಲಿಲ್ಲ.

ಜಾತ್ರೆಯ ವಾರ

ಐದನೇ ವಾರ ದುಗ್ಗಮ್ಮನ ಜಾತ್ರೆ. ಹೋಟೆಲಿಗೆ ಅದಕ್ಕಿಂತ ದೊಡ್ಡ ವ್ಯಾಪಾರವಿಲ್ಲ. ಭಟ್ರು ಒಲೆಯ ಸೆಕೆಗೆ ಪಟ್ಟಿ ತಾಳಲಾರದೆ ಬಿಚ್ಚಿಟ್ಟು, ಬೆಳಗಿನಿಂದ ನಡುರಾತ್ರಿವರೆಗೆ ದೋಸೆ ಹುಯ್ದರು. ಮತ್ತೆ ಬಂದಾಗ ಕಾಲು ದಪ್ಪಗಾಗಿತ್ತು, ಡ್ರೆಸಿಂಗ್ ತೊಯ್ದು ತೊಪ್ಪೆ, ಹುಣ್ಣು 4.7 ಇಂಟು 3.4ಕ್ಕೆ ಹಿಗ್ಗಿತ್ತು.

ಈ ಪ್ರಕರಣದಲ್ಲಿ ನನಗೆ ಮುಖ್ಯವೆನಿಸುವ ನಿರ್ಧಾರ ಇದೇ. ಮನೆಯವರು ಅಯೋಡಿನ್ ವಾಪಸ್ ಹಾಕಿ ಎಂದು ಒತ್ತಾಯಿಸಿದರು, ಹೊಸದಾಗಿ ಸೇರಿದ ಕಿರಿಯ ವೈದ್ಯರಿಗೂ ಹಾಗೇ ಅನ್ನಿಸಿತ್ತು. ಹುಣ್ಣು ದೊಡ್ಡದಾಗಿದೆ, ಒಸರು ಹೆಚ್ಚಿದೆ, ಎರಡೂ ಸೋಂಕಿನ ಪಟ್ಟಿಯಲ್ಲಿರುವ ಲಕ್ಷಣಗಳೇ ಅಲ್ಲವೇ ಎಂಬುದು ಅವರ ಪ್ರಶ್ನೆ. ಆದರೆ ತಳ ಕೆಂಪಗೆ, ಗಟ್ಟಿಯಾಗಿತ್ತು. ವಾಸನೆಯಿಲ್ಲ, ಹಸಿರಿಲ್ಲ, ಹೊಸ ನೋವಿಲ್ಲ, ಮುಟ್ಟಿದರೆ ರಕ್ತವಿಲ್ಲ. ಒಸರು ಹೆಚ್ಚಲು ಕಾರಣ ಕಣ್ಣೆದುರೇ ಇತ್ತು, ಒತ್ತಡ ತಪ್ಪಿದ ಕಾಲು. ನಾವು ಡ್ರೆಸಿಂಗ್ ಬದಲಿಸಲಿಲ್ಲ. ಅದೇ ಸಾದಾ ಪ್ಯಾಡಿನ ಮೇಲೆ ಪಟ್ಟಿ ಮತ್ತೆ ಕಟ್ಟಿದೆವು. ನಾಲ್ಕು ದಿನ ಬಿಟ್ಟು ನೋಡಿದಾಗ ಒಸರು ಕಡಿಮೆಯಾಗಿತ್ತು.

ಹೋಟೆಲ್ ಮಾಲೀಕರಿಗೆ ಒಂದು ಚೀಟಿ ಬರೆದುಕೊಟ್ಟೆ. ಅವರು ಭಟ್ಟರನ್ನು ಎರಡು ತಿಂಗಳು ಕಾವಲಿಯಿಂದ ತೆಗೆದು ಚಟ್ನಿ, ಪಲ್ಯದ ಕಡೆಗೆ ಹಾಕಿದರು. ಅಲ್ಲಿ ಸ್ಟೂಲ್ ಮೇಲೆ ಕೂರಬಹುದು, ಆಗಾಗ ಎದ್ದು ಓಡಾಡಬಹುದು. ಮೀನಖಂಡದ ಸ್ನಾಯು ಅದುಮಿದಾಗಲೇ ರಕ್ತ ಮೇಲೇರುವುದು, ಆದ್ದರಿಂದ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ. ದೋಸೆ ಹುಯ್ಯುವವನನ್ನು ಚಟ್ನಿಗೆ ಹಾಕುವುದೆಂದರೆ ಹೋಟೆಲಿನಲ್ಲಿ ಹಿಂಬಡ್ತಿ ಇದ್ದ ಹಾಗೆ, ಅದರ ಬೇಸರ ಅವರಿಗೆ ಕಾಲಿನ ನೋವಿಗಿಂತ ಹೆಚ್ಚಿತ್ತು.

ಏಳನೇ ವಾರ ಕೆಟ್ಟ ನಾಳವನ್ನು ಲೇಸರಿನಿಂದ ಮುಚ್ಚಲಾಯಿತು. ಮೊದಲು ಹುಣ್ಣು ಮಾಯಲಿ, ನಾಳದ್ದು ಆಮೇಲೆ ಎನ್ನುವುದು ಹಳೆಯ ರೂಢಿ. 2018ರಲ್ಲಿ ಪ್ರಕಟವಾದ ಎವ್ರಾ ಪ್ರಯೋಗ ಇದನ್ನು ಬದಲಿಸಿತು: 450 ಮಂದಿಯಲ್ಲಿ, ನಾಳವನ್ನು ಬೇಗ ಮುಚ್ಚಿದವರ ಹುಣ್ಣು ಮಾಯಲು ಹಿಡಿದ ಮಧ್ಯಕ ಅವಧಿ 56 ದಿನ, ತಡ ಮಾಡಿದವರದು 82 ದಿನ. ಎರಡೂ ಕಡೆ ಬಿಗಿ ಪಟ್ಟಿ ಇತ್ತು. ಭಟ್ಟರಲ್ಲೂ ಅಲ್ಲಿಂದ ಮುಂದೆ ವೇಗ ಬಂತು. ಹತ್ತನೇ ವಾರ 2.4 ಇಂಟು 1.5, ಹದಿನೈದನೇ ವಾರ ತೆಳುಗುಲಾಬಿ ಚರ್ಮ ಪೂರ್ತಿ ಮುಚ್ಚಿತ್ತು. ಒಟ್ಟು ಅವಧಿಯಲ್ಲಿ ಸೂಕ್ಷ್ಮಾಣುನಾಶಕ ಹಚ್ಚಿದ್ದು ಮೊದಲ ನಾಲ್ಕು ವಾರ ಮಾತ್ರ. ಆ್ಯಂಟಿಬಯಾಟಿಕ್ ಮಾತ್ರೆ ಒಂದೂ ಇಲ್ಲ.

ಒಬ್ಬ ರೋಗಿಯ ಕಥೆಯಿಂದ ಯಾವುದು ಎಷ್ಟು ಕೆಲಸ ಮಾಡಿತೆಂದು ಭಾಗ ಹಾಕಿ ಹೇಳಲಾಗದು. ಕೆರೆದದ್ದು, ಆಮ್ಲ, ಅಯೋಡಿನ್, ಪಟ್ಟಿ, ಮೀನು, ಲೇಸರ್ ಎಲ್ಲ ಒಂದರ ಬೆನ್ನಿಗೊಂದು ಬಂದವು. ಅಯೋಡಿನ್ ಬೇಕೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆ ವಾಸನೆ, ಆ ಹಸಿರು ಇದ್ದಾಗ ಪಟ್ಟಿಯೊಂದನ್ನೇ ಕಟ್ಟಿ ಕಳಿಸುವ ಧೈರ್ಯ ನನಗಿಲ್ಲ. ಯಾವತ್ತು ಶುರು, ಯಾವತ್ತು ಪರಿಶೀಲನೆ, ಏನು ಕಂಡರೆ ನಿಲ್ಲಿಸುವುದು, ಈ ಮೂರನ್ನೂ ಮೊದಲ ದಿನವೇ ಕೇಸ್ ಶೀಟಿನಲ್ಲಿ ಬರೆದಿದ್ದೆವು. ಐದು ತಿಂಗಳ ಬೆಳ್ಳಿಗೂ ನಾಲ್ಕು ವಾರದ ಅಯೋಡಿನ್‌ಗೂ ಇದ್ದ ದೊಡ್ಡ ವ್ಯತ್ಯಾಸ ಅದು. ಬೆಳ್ಳಿ ಕಟ್ಟುತ್ತಿದ್ದಾಗ ಅದನ್ನು ನಿಲ್ಲಿಸುವ ದಿನದ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಈಗ ಉಳಿದಿರುವ ಸಮಸ್ಯೆ ಸ್ಟಾಕಿಂಗ್ಸ್. ಮಾಯ್ದ ಮೇಲೂ ಬಿಗಿ ಕಾಲುಚೀಲ ಹಾಕದಿದ್ದರೆ ಇಂಥ ಹುಣ್ಣು ಮರಳಿ ಬರುವುದು ತೀರಾ ಸಾಮಾನ್ಯ. ಮುಂಜಾನೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕಬೇಕು, ಎಲಾಸ್ಟಿಕ್ ಸೋಲುವುದರಿಂದ ಸುಮಾರು ಆರು ತಿಂಗಳಿಗೊಮ್ಮೆ ಹೊಸದು ಕೊಳ್ಳಬೇಕು. ಭಟ್ರು ಕಾವಲಿಗೆ ಮರಳಿದ್ದಾರೆ. ಏಪ್ರಿಲ್, ಮೇ ತಿಂಗಳ ದಾವಣಗೆರೆಯಲ್ಲಿ ಸೌದೆ ಒಲೆಯ ಮುಂದೆ ಮೊಣಕಾಲುದ್ದದ ಬಿಗಿ ಚೀಲ ಹಾಕಿ ನಿಲ್ಲಿ ಎಂದು ಹೇಳುವುದು ಸುಲಭ. ಬೆರಳು ತೆರೆದ ಜಾತಿಯದನ್ನು ಕೊಡಿಸಿದ್ದೇವೆ, ಸ್ವಲ್ಪ ಕಡಿಮೆ ಒತ್ತಡದ್ದನ್ನು ಬೇಸಿಗೆಗೆಂದು ಒಪ್ಪಿಕೊಂಡಿದ್ದೇವೆ. ಹಾಕದೇ ಇರುವುದಕ್ಕಿಂತ ಹಾಕುವ ಕಡಿಮೆ ಒತ್ತಡ ಮೇಲು. ಹೋದ ಸಲ ಪರೀಕ್ಷೆಗೆ ಬಂದಾಗ ಕಾಲುಚೀಲದ ಮೇಲೆ ಒಣಗಿದ ದೋಸೆ ಹಿಟ್ಟಿನ ಕಲೆಗಳಿದ್ದವು, ಅಂದರೆ ಕೆಲಸದಲ್ಲಿ ಹಾಕುತ್ತಿದ್ದಾರೆ. ಹಳೆಯ ಜಾಗದಲ್ಲಿ ಚರ್ಮ ಒಣಗಿ ಸಣ್ಣ ಬಿರುಕು ಕಂಡಿತು. ವಾಸನೆಯಿಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿ ಬರೆದುಕೊಟ್ಟೆ. ಮುಂದಿನ ಭೇಟಿ ಆರು ವಾರಕ್ಕೆ.